ಗೋಪುರದ ಮೇಲಿನ ಅವಕೆಂಪು ಕಣ್ಣು

ಜನವರಿ 9

ಪ್ರೀತಿಯ ಅಕ್ಕ,

ಮುಂದಿನ ಸಲ ಜೀಪು ಬೆಟ್ಟ ಹತ್ತಿದಾಗ ನಿನ್ನ ದಿನಸಿಯ ಜೊತೆ ಒಂದು ಪೆಟ್ಟಿಗೆಯೂ ಬರುತ್ತದೆ. ಊಟದ ಡಬ್ಬಿಯಷ್ಟೇ ದೊಡ್ಡದು. ಅದನ್ನು ನಿನ್ನ ಕಾವಲು ಗೋಪುರದ ಹೊರಗಿನ ಕಂಬಿಗೆ, ಕಾಡಿನ ಕಡೆ ಮುಖ ಮಾಡಿ ಬಿಗಿಯುತ್ತಾರೆ. ಮುಂದೆ ಕೋಟಿನ ಗುಂಡಿಯಷ್ಟು ಅಗಲದ ಗಾಜು ಇದೆ.

"ಆ ಲ್ಯಾಬಿನಲ್ಲಿ ಕೂತು ಅದೇನು ಕಡಿದು ಕಟ್ಟೆ ಹಾಕ್ತೀಯೋ" ಎಂದು ನೀನು ಕೇಳುತ್ತಿದ್ದೆಯಲ್ಲ, ಕಟ್ಟೆ ಹಾಕಿದ್ದು ಇದೇ. ಗಾಜಿನ ಹಿಂದೆ ಉಗುರಿಗಿಂತ ಚಿಕ್ಕದೊಂದು ಚೂರು ಇದೆ. ಅದರ ಮೇಲೆ ಲಕ್ಷಗಟ್ಟಲೆ ನ್ಯಾನೋ ತಂತಿಗಳು ಹುಲ್ಲಿನ ಹಾಗೆ ನೆಟ್ಟಗೆ ಬೆಳೆದು ನಿಂತಿವೆ. ಒಂದು ತಲೆಗೂದಲನ್ನು ಉದ್ದಕ್ಕೆ ಸಾವಿರ ಸಲ ಸೀಳಿದರೆ ಒಂದು ಎಳೆ ಎಷ್ಟಿರುತ್ತದೋ ಅಷ್ಟು ಸಪೂರ. ಬೆಂಕಿಯಿಂದ ಹೊರಡುವ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಅವುಗಳ ಮೇಲೆ ಬಿದ್ದರೆ ಸಾಕು, ತಾವಾಗಿಯೇ ಕರೆಂಟು ಹುಟ್ಟಿಸುತ್ತವೆ. ಅವಕ್ಕೆ ಬ್ಯಾಟರಿ ಬೇಡ, ಬೆಳಕೇ ಊಟ. ಸುದ್ದಿಯನ್ನು ಕೆಳಗೆ ಕಳಿಸುವ ಯಂತ್ರಕ್ಕೆ ಮಾತ್ರ ಅಂಗೈಯಗಲದ ಸೋಲಾರ್ ಹಲಗೆ ಹಾಕಿದ್ದೇವೆ.

ಒಂದು ವರ್ಷ ಯಾರೂ ಹತ್ತಿರ ಸುಳಿಯದಿದ್ದರೂ ಅದು ಕೆಲಸ ಮಾಡಬೇಕು. ಪರೀಕ್ಷೆ ಅದಕ್ಕೇ. ಹಾಗಾಗಿ ಮೇಲೆ "ಮುಟ್ಟಬಾರದು" ಎಂದು ಬರೆದಿದೆ. ನಿನ್ನ ಗೋಪುರವನ್ನು ಆರಿಸಿದ್ದು ನಾನಲ್ಲ, ಅರಣ್ಯ ಇಲಾಖೆ. ನನ್ನ ಐದು ವರ್ಷದ ಕೆಲಸ ನಿನ್ನ ಪಕ್ಕದಲ್ಲೇ ಇರುತ್ತದೆ ಎಂದು ಖುಷಿಯಾಗಿದ್ದೇನೆ.

ನಿನ್ನ ತಮ್ಮ

&nbsp;

ಜನವರಿ 23

ಗುಬ್ಬಿ,

ಪೆಟ್ಟಿಗೆ ಬಂತು. ಕಂಬಿಗೆ ಬಿಗಿದೂ ಆಯಿತು. ರೇಂಜರ್ ತಾವೇ ಮೆಟ್ಟಿಲು ಹತ್ತಿ ಬಂದಿದ್ದರು. ಅರ್ಧ ದಾರಿಯಲ್ಲಿ ಕೂತು, ಮೇಲೆ ಬಂದು ಮತ್ತೆ ಕೂತು, ಎರಡು ಲೋಟ ನೀರು ಕುಡಿದ ಮೇಲೆ ಮಾತು ಹೊರಟಿತು.

"ಇದು ಸರಿಯಾಗಿ ಕೆಲಸ ಮಾಡಿದ್ರೆ ಮುಂದಿನ ವರ್ಷದಿಂದ ಗೋಪುರಗಳಲ್ಲಿ ಯಾರೂ ಕೂರೋದು ಬೇಡ ಅಂತ ಮೇಲಿನವರು ಹೇಳಿದಾರಮ್ಮ. ಪೆಟ್ಟಿಗೇನೇ ಕಾಯುತ್ತೆ. ನಿಮಗೂ ಆರಾಮು" ಅಂದರು. ಹಾಗಂದ ಮೇಲೆ ನನ್ನ ಮುಖ ನೋಡಲಾಗದೆ ಪೆಟ್ಟಿಗೆಯ ತಿರುಪನ್ನು ಇನ್ನೊಂದು ಸುತ್ತು ತಿರುಗಿಸಿದರು.

ಈ ವಿಷಯ ಬರೆಯಲು ನಿನ್ನ ಕಾಗದದಲ್ಲಿ ಜಾಗ ಸಾಲಲಿಲ್ಲ ಅಂತ ಕಾಣುತ್ತದೆ. ತಲೆಗೂದಲು ಸೀಳುವುದಕ್ಕೆ ಮಾತ್ರ ಧಾರಾಳವಾಗಿ ಜಾಗ ಇತ್ತು.

ಅಪ್ಪನ ಕಾಲದಿಂದ ನಮ್ಮವರೇ ಕೂತ ಕುರ್ಚಿ ಇದು. ಇಲ್ಲಿಂದ ಇಳಿಸಿದರೆ ನಾನು ಎಲ್ಲಿಗೆ ಹೋಗಲಪ್ಪ? ನಿನ್ನ ಲ್ಯಾಬಿನ ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಸು, ಯಾರಾದರೂ ಸಿಗರೇಟು ಹಚ್ಚಿದರೆ ಅಲ್ಲಿಂದಲೇ ಕೂಗುತ್ತೇನೆ.

ಊಟ ಸರಿಯಾಗಿ ಮಾಡು.

ಅಕ್ಕ

&nbsp;

ಫೆಬ್ರವರಿ 2

ಅಕ್ಕ,

ನಿನ್ನ ಕಾಗದ ಓದಿದೆ. ಗೋಪುರ ಖಾಲಿ ಮಾಡಿಸುವ ಮಾತು ನನಗೆ ಗೊತ್ತಿತ್ತು. ಎರಡು ಸಲ ಬರೆದು ಎರಡು ಸಲವೂ ಹರಿದೆ. ರೇಂಜರ್ ಬಾಯಲ್ಲಿ ನೀನು ಕೇಳಬೇಕಾಗಿ ಬಂದದ್ದು ತಪ್ಪಾಯಿತು.

"ನನಗೆ ಬೆಟ್ಟವೇ ಸಾಕು, ಪೇಟೆ ಗಲಾಟೆ ಯಾರಿಗೆ ಬೇಕು" ಎಂದು ನೀನು ಹೇಳುವುದನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದವನು ನಾನು. ನಿನ್ನ ಬೆಟ್ಟವನ್ನು ನಾನೇ ಕಿತ್ತುಕೊಳ್ಳುವ ಹಾಗಾಯಿತಲ್ಲ ಎಂದು ಸಂಕಟವಾಗುತ್ತಿದೆ. ಪೆಟ್ಟಿಗೆಯನ್ನು ಬೇರೆ ಗೋಪುರಕ್ಕೆ ಸಾಗಿಸಿ ಎಂದು ಪ್ರೊಫೆಸರರನ್ನು ಕೇಳುತ್ತೇನೆ. ನೀನು ಹೂಂ ಎಂದರೆ ಸಾಕು.

ನಿನ್ನ ತಮ್ಮ

&nbsp;

ಫೆಬ್ರವರಿ 20

ಗುಬ್ಬಿ,

ಎಲ್ಲಿಗೂ ಸಾಗಿಸಬೇಡ. ಪಕ್ಕದ ಗುಡ್ಡದ ಕಾವಲುಗಾರ ಎಂಥವನು ಅಂತ ನನಗೆ ಗೊತ್ತು. ನಿನ್ನ ಪೆಟ್ಟಿಗೆಯ ಮೇಲೆ ಅವನು ಒದ್ದೆ ಟವೆಲು ಒಣಹಾಕುತ್ತಾನೆ. ಅದು ಇಲ್ಲೇ ಇರಲಿ. ನಾನು ಅದಕ್ಕೆ ಕೂಸು ಅಂತ ಹೆಸರಿಟ್ಟಿದ್ದೇನೆ. ಅಳುವುದಿಲ್ಲ, ಹಟ ಮಾಡುವುದಿಲ್ಲ, ನಿನಗಿಂತ ಎಷ್ಟೋ ವಾಸಿ.

ತಪ್ಪಾಯಿತು ಅಂತೆಲ್ಲ ಬರೆದು ದೊಡ್ಡ ಮನುಷ್ಯನಾಗಬೇಡ. ಐದು ವರ್ಷ ಕಷ್ಟಪಟ್ಟಿದ್ದೀಯ, ಅದು ಗೆಲ್ಲಲಿ. ನನ್ನ ಚಿಂತೆ ಬಿಡು.

ದುರ್ಬೀನು ಒರೆಸುವ ಮೆತ್ತನೆ ಬಟ್ಟೆ ಎರಡು ಕಳಿಸು. ಇಲ್ಲಿರುವುದು ಈಚೆಗೆ ಬೇಗ ಕೊಳೆಯಾಗುತ್ತಿದೆ.

ಅಕ್ಕ

&nbsp;

ಮಾರ್ಚ್ 15

ಅಕ್ಕ,

ಬಟ್ಟೆ ಕಳಿಸಿದ್ದೇನೆ. ಎರಡಲ್ಲ, ಅರ್ಧ ಡಜನ್.

ನಿನಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ, ಆದರೆ ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ನಿನ್ನ ಕೂಸು ಏನೋ ವಿಚಿತ್ರ ಮಾಡುತ್ತಿದೆ. ಬೆಂಕಿ ಇಲ್ಲದಾಗಲೂ ಬಿಸಿಲಿನ ಅವಕೆಂಪಿನಿಂದ ಅದರಲ್ಲಿ ಸಣ್ಣ ಕರೆಂಟು ಹರಿಯುತ್ತಿರುತ್ತದೆ. ದಿನವೂ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಅದು ಗಳಿಗೆಯ ಮಟ್ಟಿಗೆ ತಗ್ಗುತ್ತದೆ, ಆಮೇಲೆ ಮೊದಲಿಗಿಂತ ಚುರುಕಾಗಿ ಮೇಲೇಳುತ್ತದೆ. ಸೂರ್ಯೋದಯ ಹಿಂದೆ ಮುಂದೆ ಆದ ಹಾಗೆ ಈ ತಗ್ಗೂ ಹಿಂದೆ ಮುಂದೆ ಆಗುತ್ತದೆ. ಇದೇ ತಂತಿಗಳ ಇನ್ನೊಂದು ಪೆಟ್ಟಿಗೆಯನ್ನು ನಮ್ಮ ಕಟ್ಟಡದ ತಾರಸಿಯಲ್ಲಿಟ್ಟಿದ್ದೇವೆ. ಅದು ದಿನದಿಂದ ದಿನಕ್ಕೆ ಮಂಕಾಗುತ್ತಿದೆಯೇ ಹೊರತು ಎದ್ದು ಕೂರುವ ಲಕ್ಷಣ ಇಲ್ಲ.

ರಾತ್ರಿ ಚಳಿಯಲ್ಲಿ ತಂತಿಗಳ ಮೈಮೇಲೆ ಸಿಕ್ಕಿಬಿದ್ದ ವಿದ್ಯುತ್ ಕಣಗಳನ್ನು ಬೆಟ್ಟದ ಮೊದಲ ಬಿಸಿಲು ಬಿಡಿಸುತ್ತಿರಬೇಕು ಎಂದು ನನ್ನ ಲೆಕ್ಕಾಚಾರ. ಪ್ರೊಫೆಸರ್ ಇದಕ್ಕೆ "ತಾನೇ ಚೇತರಿಸಿಕೊಳ್ಳುವ ಗುಣ" ಎಂದು ಹೆಸರು ಕೊಟ್ಟು, ನಮ್ಮೆಲ್ಲರಿಗೂ ಕಾಫಿ ಕುಡಿಸಿದರು. ಅವರು ಕಾಫಿ ಕುಡಿಸಿದ್ದು ಇದೇ ಮೊದಲು. ಇದನ್ನು ಈಗ ಲೇಖನವಾಗಿ ಬರೆಯುತ್ತಿದ್ದೇನೆ.

ನಿನ್ನ ತಮ್ಮ

&nbsp;

ಏಪ್ರಿಲ್ 18

ಗುಬ್ಬಿ,

ಸುದ್ದಿ ನಿನಗೆ ಮೊದಲೇ ಮುಟ್ಟಿರುತ್ತದೆ, ಆದರೂ ನನ್ನ ಬಾಯಿಂದ ಕೇಳು.

ಆವತ್ತು ಬೆಳಗಿನಿಂದಲೂ ಮಬ್ಬು. ಎದುರಿನ ಗುಡ್ಡವೇ ಕಾಣದು. ನಾನು ಅಡಿಗೆಗೆ ತರಕಾರಿ ಹೆಚ್ಚುತ್ತಿದ್ದೆ. ವೈರ್‌ಲೆಸ್‌ನಲ್ಲಿ ರೇಂಜರ್ ಕೂಗಿದರು.

"ಮುಂದಿನ ಕಣಿವೆಯಲ್ಲಿ ಬೆಂಕಿ ಅಂತ ಪೆಟ್ಟಿಗೆ ಹೇಳ್ತಿದೆ. ಕಾಣ್ತಿದೆಯಾ?"

ದುರ್ಬೀನು ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. "ಏನೂ ಇಲ್ಲ ಸಾರ್."

"ಸರಿಯಾಗಿ ನೋಡಮ್ಮ."

"ಸರಿಯಾಗೇ ನೋಡ್ತಿದೀನಿ. ಬರೀ ಬೆಳ್ಳಗಿದೆ."

ಅವರು ಪೆಟ್ಟಿಗೆಯ ಮಾತು ನಂಬಿ ಆಳುಗಳನ್ನು ಕಳಿಸಿದರು. ನನ್ನ ಅಡಿಗೆ ಮುಗಿದು, ಊಟಕ್ಕೆ ಕೂತ ಮೇಲೆ ಒಂದು ಎಳೆ ಹೊಗೆ ಮಬ್ಬಿನಿಂದ ತಲೆ ಎತ್ತಿತು. ಅಷ್ಟರಲ್ಲಿ ಅವರು ಅಲ್ಲಿ ಸೇರಿ ಸೊಪ್ಪಿನಿಂದ ಬಡಿದು ಬಡಿದು ಆರಿಸುತ್ತಿದ್ದರು. ಒಂದು ಆಟದ ಮೈದಾನದಷ್ಟು ಸುಟ್ಟಿದೆ, ಅಷ್ಟೇ. ನನ್ನ ಕಣ್ಣನ್ನೇ ನಂಬಿಕೊಂಡಿದ್ದರೆ ಆ ಕಣಿವೆ ಉಳಿಯುತ್ತಿರಲಿಲ್ಲ.

ಕೂಸು ನನಗಿಂತ ಮೊದಲು ನೋಡಿತು ಕಣೋ. ನಿನ್ನ ಬೆನ್ನು ತಟ್ಟಬೇಕು ಅನ್ನಿಸಿತು, ಪೆಟ್ಟಿಗೆಯ ಬೆನ್ನು ತಟ್ಟಿದೆ. ಇನ್ನು ನಾನು ಇಲ್ಲಿ ಕೂತು ಮಾಡುವುದಾದರೂ ಏನು ಅಂತಲೂ ಅನ್ನಿಸಿತು.

ಅಕ್ಕ

&nbsp;

ಮೇ 6

ಅಕ್ಕ,

ನಿನ್ನ ಕಾಗದದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಇಲ್ಲಿ ಎಲ್ಲರೂ ನನ್ನ ಕೈ ಕುಲುಕುತ್ತಿದ್ದಾರೆ. ನಾನು ಹಲ್ಲು ಕಿರಿದು ನಿಲ್ಲುತ್ತೇನೆ, ಆಮೇಲೆ ಕೋಣೆಗೆ ಬಂದು ಸುಮ್ಮನೆ ಮಲಗುತ್ತೇನೆ.

ನೀನು ಬೇಸರ ಮಾಡಿಕೊಳ್ಳಬೇಡ. ಗೋಪುರ ಮುಚ್ಚಿದರೂ ಬೆಟ್ಟದ ತಪ್ಪಲಲ್ಲೇ ನಿನಗೊಂದು ಕೆಲಸ, ಒಂದು ಮನೆ ಕೊಡಿಸಿ ಎಂದು ಇಲಾಖೆಗೆ ಅರ್ಜಿ ಬರೆಯುತ್ತಿದ್ದೇನೆ. ನೀನು ಕಾಡು ಬಿಟ್ಟು ಬದುಕುವುದನ್ನು ನನಗೆ ಊಹಿಸಲೂ ಆಗುವುದಿಲ್ಲ.

ನಿನ್ನ ತಮ್ಮ

&nbsp;

ಜುಲೈ 12

ಗುಬ್ಬಿ,

ಅರ್ಜಿ ಗಿರ್ಜಿ ಏನೂ ಬೇಡ. ಬರೆದಿದ್ದರೆ ಹರಿದುಹಾಕು.

ಇಲ್ಲಿ ಮಳೆ ಹಿಡಿದಿದೆ. ಜೀಪು ಬಂದು ಬಹಳ ದಿನ ಆಯಿತು. ಮಾತಾಡಲು ಯಾರೂ ಇಲ್ಲದೆ ವೈರ್‌ಲೆಸ್‌ನಲ್ಲಿ ಹವಾಮಾನ ಹೇಳುವಾಗ ಒಂದಕ್ಕೆರಡು ಸೇರಿಸಿ ಹೇಳುತ್ತೇನೆ. ಅತ್ತ ಕಡೆಯವರು "ಆಯ್ತಮ್ಮ, ಮೋಡ ಅಂದ್ರೆ ಸಾಕು" ಅನ್ನುತ್ತಾರೆ.

ನಿನ್ನ ಕೋಣೆಯ ಕೆಳಗೆ ಬೇಕರಿ ಇದೆ ಅಂದಿದ್ದೆ. ಬೆಳಗ್ಗೆ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾರೆ? ಮೇಲಿನವರೆಗೂ ವಾಸನೆ ಬರುತ್ತದೆಯಾ? ಎದುರು ಮನೆಯಲ್ಲಿ ಯಾರಿದ್ದಾರೆ? ಅವರು ಜಗಳ ಆಡಿದರೆ ನಿನಗೆ ಕೇಳಿಸುತ್ತದಾ? ಕೇಳಿಸಿದರೆ ಯಾವ ವಿಷಯಕ್ಕೆ ಆಡುತ್ತಾರೆ ಅಂತ ಬರೆ. ಸುಮ್ಮನೆ ಕೇಳಿದೆ, ಹೊತ್ತು ಹೋಗುವುದಿಲ್ಲ.

ಅಕ್ಕ

&nbsp;

ಆಗಸ್ಟ್ 3

ಅಕ್ಕ,

ಬೇಕರಿಯವನು ಇನ್ನೂ ಕತ್ತಲಿರುವಾಗಲೇ ಶಟರ್ ಎಳೆಯುತ್ತಾನೆ. ಆ ಸದ್ದಿಗೆ ಹೆಣವೂ ಎದ್ದು ಕೂರಬೇಕು. ಎದುರು ಮನೆಯ ಗಂಡ ಹೆಂಡತಿ ಇಬ್ಬರೂ ಟೈಲರುಗಳು. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎನ್ನುವುದೇ ಅವರ ನಿತ್ಯದ ಜಗಳ. ಮೇಲಿನ ಮಹಡಿಯಲ್ಲಿ ಒಬ್ಬಳು ಪಿಟೀಲು ಕಲಿಯುತ್ತಿದ್ದಾಳೆ. ಕಲಿಯುತ್ತಲೇ ಇದ್ದಾಳೆ.

ನೀನು ಇಲ್ಲಿ ಒಂದು ದಿನ ಇದ್ದರೆ ತಲೆ ಹಿಡಿದುಕೊಂಡು ಓಡುತ್ತೀಯ. ನಿನ್ನ ಮೌನಕ್ಕೂ ಈ ಸಂತೆಗೂ ಸುತರಾಂ ಸರಿಹೋಗುವುದಿಲ್ಲ.

ಲೇಖನ ಬಹುಮಟ್ಟಿಗೆ ಮುಗಿದಿದೆ. ಡಿಸೆಂಬರಿನವರೆಗೂ ಕೂಸು ಹೀಗೇ ಇದ್ದರೆ ಇನ್ನೂ ನಲವತ್ತು ಪೆಟ್ಟಿಗೆ ಮಾಡಿಸುತ್ತಾರಂತೆ, ಅದರ ಹೊಣೆ ನನಗೆ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಈ ಸಲ ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ.

ನಿನ್ನ ತಮ್ಮ

&nbsp;

ಸೆಪ್ಟೆಂಬರ್ 18

ಗುಬ್ಬಿ,

ಹಲ್ಲುನೋವು ತಡೆಯಲಾರದೆ ಕೆಳಗಿಳಿದು ಪೇಟೆಗೆ ಹೋಗಿದ್ದೆ. ಡಾಕ್ಟರು ಒಂದು ದವಡೆ ಹಲ್ಲು ಕಿತ್ತು, ಊತ ಇಳಿಯುವ ತನಕ ಇಲ್ಲೇ ಇರಿ ಅಂದರು. ಆಸ್ಪತ್ರೆಯ ಹಿಂದಿನ ಛತ್ರದಲ್ಲಿ ಹತ್ತು ಹನ್ನೆರಡು ಜನರ ಜೊತೆ ಒಂದೇ ಹಾಲಿನಲ್ಲಿ ಮಲಗಿದೆ. ಕೆಲವರು ಗೊರಕೆ, ಕೆಲವರು ಕೆಮ್ಮು. ಚೆನ್ನಾಗಿ ನಿದ್ದೆ ಬಂತು.

ನನ್ನ ಬದಲಿಗೆ ಇಲಾಖೆಯವರು ಇನ್ನೊಬ್ಬ ಹೆಂಗಸನ್ನು ಮೇಲೆ ಕೂರಿಸಿದ್ದರು. ಐದು ಮಕ್ಕಳ ತಾಯಿ. ನಾನು ವಾಪಸು ಬಂದಾಗ "ಇನ್ನೆರಡು ದಿನ ಹಲ್ಲುನೋವು ಇರಬಾರದಿತ್ತಾ ಅಕ್ಕ" ಅಂದಳು. ಬೆಟ್ಟದ ಮೇಲೆ ಯಾರೂ ಅವಳನ್ನು ಅಮ್ಮಾ ಅಂತ ಕೂಗಲಿಲ್ಲವಂತೆ. ಕಣ್ಣಲ್ಲಿ ನೀರು ತಂದುಕೊಂಡು ಇಳಿದು ಹೋದಳು.

ಅಕ್ಕ

&nbsp;

ಸೆಪ್ಟೆಂಬರ್ 29

ಅಕ್ಕ,

ನಿನ್ನ ಹಲ್ಲಿನ ಕಾಗದ ಬಂದ ದಿನ ನಾನು ತಲೆ ಕೆರೆದುಕೊಂಡು ಕೂತಿದ್ದೆ. ಈ ತಿಂಗಳ ಮಧ್ಯದಲ್ಲಿ ಒಂದು ವಾರ ಕೂಸಿನ ಬೆಳಗಿನ ತಗ್ಗು ಮಂಗಮಾಯವಾಗಿತ್ತು. ಚೇತರಿಕೆಯೂ ಇಲ್ಲ. ದಿನದಿನಕ್ಕೂ ಮಂಕಾಗುತ್ತ ಹೋಯಿತು, ನಮ್ಮ ತಾರಸಿಯ ಪೆಟ್ಟಿಗೆಯ ಹಾಗೆಯೇ. ಮೋಡ ಕಾರಣವೇ, ಚಳಿ ಕಾರಣವೇ ಎಂದು ಲ್ಯಾಬಿನಲ್ಲಿ ನಾವು ಮೂವರು ವಾದ ಮಾಡುತ್ತಿದ್ದೆವು. ಆಮೇಲೆ ಒಂದು ಬೆಳಗ್ಗೆ ಅದು ತಾನೇ ಎದ್ದು ಕೂತಿತು.

ನಿನ್ನ ಕಾಗದ ಓದಿದೆ. ನೀನು ಬೆಟ್ಟದ ಮೇಲೆ ಇಲ್ಲದಿದ್ದ ವಾರವೇ ಅದು.

ಒಂದೇ ಒಂದು ಪ್ರಶ್ನೆ. ನೀನು ಬೆಳಗ್ಗೆ ಎದ್ದು ಆ ಗಾಜನ್ನು ಒರೆಸುತ್ತೀಯಾ?

ನಿನ್ನ ತಮ್ಮ

&nbsp;

ಅಕ್ಟೋಬರ್ 10

ಗುಬ್ಬಿ,

ಒರೆಸುತ್ತೇನೆ. ಬಂದ ವಾರವೇ ಜೇಡ ಗಾಜಿನ ಮೇಲೆ ಬಲೆ ಕಟ್ಟಿತ್ತು. ಆಮೇಲೆ ಧೂಳು, ಹೂವಿನ ಪುಡಿ, ಹಕ್ಕಿಗಳಂತೂ ಕೇಳಲೇಬೇಡ. ಎದ್ದ ಕೂಡಲೇ ನನ್ನ ಮುಖ ತೊಳೆದು, ದುರ್ಬೀನು ಒರೆಸಿ, ಅದರ ಮುಖವನ್ನೂ ಒರೆಸುತ್ತೇನೆ. ಕೊಳೆಯಾದರೆ ಒರೆಸಬೇಡವಾ? ಮುಟ್ಟಬಾರದು ಅಂತ ಬರೆದಿತ್ತು, ಅದಕ್ಕೇ ಹೇಳಲಿಲ್ಲ. ನಾನು ಮುಟ್ಟಿಲ್ಲ, ಬಟ್ಟೆ ಮುಟ್ಟಿದೆ.

ಈಗ ಅದರಿಂದ ಏನಾಯಿತು?

ಅಕ್ಕ

&nbsp;

ನವೆಂಬರ್ 16

ಅಕ್ಕ,

ಉತ್ತರ ತಡವಾಯಿತು. ಎಲ್ಲ ಮುಗಿದ ಮೇಲೆ ಬರೆಯೋಣ ಎಂದು ಕಾದೆ.

ಏನಾಯಿತು ಎಂದರೆ, ನಾನು ಎಂಟು ತಿಂಗಳು ನಿನ್ನ ಕೈಯನ್ನು ತಂತಿಗಳ ಗುಣ ಎಂದು ತಿಳಿದುಕೊಂಡು ಲೇಖನ ಬರೆದೆ. ಚಿತ್ರ ಬರೆದೆ, ಸಮೀಕರಣ ಹಾಕಿದೆ. ಬಿಸಿಲು ಬಿದ್ದು ಕಣ ಬಿಡಿಸಿಕೊಳ್ಳುವುದೂ ಇಲ್ಲ, ಗಿಡಿಸಿಕೊಳ್ಳುವುದೂ ಇಲ್ಲ. ನೀನು ಸೂರ್ಯನ ಜೊತೆ ಏಳುತ್ತೀಯ, ಬಟ್ಟೆ ಅಡ್ಡ ಬಂದಾಗ ಕರೆಂಟು ತಗ್ಗುತ್ತದೆ, ಗಾಜು ಶುಭ್ರವಾದಾಗ ಏರುತ್ತದೆ. ಅಷ್ಟೇ ವಿಜ್ಞಾನ.

ಪ್ರೊಫೆಸರರಿಗೆ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ತೆಗೆದು ಹಾಕಿ ಮಾಡಿದರು. "ಇದನ್ನ ಇಲಾಖೆಯ ಸಮಿತಿಗೆ ಹೇಳಲೇಬೇಕಾ?" ಎಂದರು. ಹೇಳಬೇಕು ಸರ್ ಎಂದೆ. ಯಾರೂ ಇಲ್ಲದ ನಲವತ್ತು ಗೋಪುರಗಳಲ್ಲಿ ನಲವತ್ತು ಗಾಜುಗಳು ಕುರುಡಾಗಿ ಕೂತರೆ ಕಾಡು ಹೊತ್ತಿ ಉರಿದರೂ ಯಾರಿಗೂ ತಿಳಿಯುವುದಿಲ್ಲ. ಅವರಿಗೂ ಅದು ಗೊತ್ತು. ಒಮ್ಮೆ ಕೇಳಿ ನೋಡಿದರು, ಅಷ್ಟೇ.

ನಿನ್ನೆ ಸಮಿತಿ ಕೂತಿತ್ತು. ಎಲ್ಲ ಕೇಳಿಸಿಕೊಂಡು ಒಬ್ಬರು "ಅಂದ್ರೆ ಗಾಜು ಒರೆಸೋಕೆ ಒಬ್ಬರು ಬೇಕು. ಒಬ್ಬರು ಹೇಗೂ ಇದ್ದಾರೆ ಅಂದ್ಮೇಲೆ ಗೋಪುರ ಯಾಕೆ ಮುಚ್ಚೋದು?" ಎಂದರು. ಗೋಪುರಗಳು ಇದ್ದ ಹಾಗೇ ಇರುತ್ತವೆ. ನಲವತ್ತು ಪೆಟ್ಟಿಗೆಯ ಯೋಜನೆ ನಿಂತಿತು. ಲ್ಯಾಬಿನಲ್ಲಿ ನನಗೆ ಮಾರ್ಚಿನವರೆಗೆ ಜಾಗ ಇದೆ. ಆಮೇಲೆ ಇಲ್ಲಿಯ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತೇನೆ, ಮಾತಾಡಿದ್ದೇನೆ.

ನೀನು ನನ್ನ ಗೆಲುವಿಗಾಗಿ ಅದನ್ನು ಒರೆಸಿದೆ. ನಿನ್ನ ಕುರ್ಚಿ ಹೋಗುತ್ತದೆ ಎಂದು ತಿಳಿದೂ ಒರೆಸಿದೆ. ಹಾಗಾಗಿ ನನ್ನ ಬಗ್ಗೆ ಮರುಗಬೇಡ. ನಿಜ ಹೇಳಬೇಕೆಂದರೆ ಸಮಿತಿಯ ಮಾತು ಕೇಳಿ ನನಗೆ ಹಗುರವಾಯಿತು. ಬೆಟ್ಟ ನಿನ್ನದೇ ಅಕ್ಕ. ಇನ್ನು ಯಾರೂ ನಿನ್ನನ್ನು ಇಳಿಸುವುದಿಲ್ಲ.

ನಿನ್ನ ತಮ್ಮ

&nbsp;

ಡಿಸೆಂಬರ್ 1

ಗುಬ್ಬಿ,

ನಿನ್ನ ಕಾಗದ ಬಂದಾಗ ನಾನು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದೆ. ವರ್ಷ ಮುಗಿಯುತ್ತಿದೆಯಲ್ಲ, ಇಳಿಯಲು ಹೇಳಿ ಕಳಿಸುತ್ತಾರೆ ಅಂತ ಕಾಯುತ್ತಿದ್ದೆ. ಹಾಸಿಗೆ ಸುತ್ತಿ ಆಗಿತ್ತು. ಮೆಟ್ಟಿಲ ಮೇಲೆ ಕೂತು ಓದಿದೆ. ಮೊದಲು ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಜೀಪಿನವನು ಯಾರೋ ಸತ್ತರು ಅಂದುಕೊಂಡು ಟೊಪ್ಪಿ ತೆಗೆದು ನಿಂತ.

ನಿನ್ನ ಗೆಲುವಿಗಾಗಿ ಒರೆಸಿದೆ ಅಂತ ಬರೆದಿದ್ದೀಯ. ಅದು ಅರ್ಧ ನಿಜ. ಇನ್ನರ್ಧ ನನಗಾಗಿ ಒರೆಸಿದೆ. ಆ ಪೆಟ್ಟಿಗೆ ಗೆದ್ದರೆ ನಾನು ಇಳಿಯಬಹುದಿತ್ತು.

ಅಪ್ಪ ಹೋದ ಮೇಲೆ ನಿನ್ನನ್ನು ಹಾಸ್ಟೆಲಿಗೆ ಕಳಿಸಿದ ದಿನ ನೀನು ಜೀಪು ಹತ್ತಲಿಲ್ಲ. "ಅಕ್ಕ ಒಬ್ಳೇ ಆಗ್ತಾಳೆ" ಅಂತ ಚಕ್ರ ಹಿಡಿದುಕೊಂಡು ಕೂತೆ. ನನಗೆ ಬೆಟ್ಟವೇ ಸಾಕು ಕಣೋ, ಜನ ಬೇಡ ಅಂದೆ. ನೀನು ನಂಬಿ ಹತ್ತಿದೆ. ಆಮೇಲೆ ನೀನು ರಜಕ್ಕೆ ಬಂದಾಗಲೆಲ್ಲ ಅದನ್ನೇ ಹೇಳಬೇಕಾಯಿತು. ನೀನು ಇನ್ನೊಬ್ಬರಿಗೆ ಹೇಳಿದೆ, ಅವರು ಮತ್ತೊಬ್ಬರಿಗೆ ಹೇಳಿದರು. ಇಲಾಖೆಯವರೆಲ್ಲ "ಆಯಮ್ಮನಿಗೆ ಕಾಡೇ ಪ್ರಾಣ" ಅನ್ನುವ ಹಾಗಾಯಿತು. ಅಷ್ಟಾದ ಮೇಲೆ ನಾನಾಗಿ ಬಾಯಿ ಬಿಟ್ಟು ಸಾಕಾಗಿದೆ ಅನ್ನಲು ನಾಚಿಕೆ. ಯಂತ್ರವೇ ಬಂದು ಇಳಿಸಿತು ಅಂದರೆ ಮರ್ಯಾದೆಯಿಂದ ಇಳಿಯಬಹುದು, ಯಾರಿಗೂ ಏನೂ ಹೇಳಬೇಕಾಗಿಲ್ಲ. ಅದಕ್ಕೇ ಅದರ ಕಣ್ಣು ಮಂಕಾಗದ ಹಾಗೆ ನೋಡಿಕೊಂಡೆ. ಇದರಿಂದ ನಿನ್ನ ಲೆಕ್ಕ ತಪ್ಪುತ್ತದೆ ಅಂತ ತಲೆಗೆ ಹೊಳೆಯಲೇ ಇಲ್ಲ. ನಿನ್ನ ಐದು ವರ್ಷ ನನ್ನ ಬಟ್ಟೆಯಿಂದ ಹಾಳಾಯಿತು. ಅದು ನನ್ನನ್ನು ಸುಡುತ್ತಿದೆ.

ಬೆಟ್ಟ ಕೆಟ್ಟದ್ದಲ್ಲ. ಆದರೆ ನನಗೆ ಒಬ್ಬಳೇ ಇದ್ದು ಇದ್ದು ಸಾಕಾಗಿದೆ ಗುಬ್ಬಿ. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಅಂತ ಯಾರ ಜೊತೆಗಾದರೂ ಜಗಳ ಆಡಬೇಕು ಅನ್ನಿಸುತ್ತದೆ.

ರೇಂಜರಿಗೆ ಇವತ್ತು ಹೇಳಿಬಿಟ್ಟೆ. ಗೋಪುರ ಇರಲಿ, ನಾನು ಬಿಡುತ್ತೇನೆ, ಐದು ಮಕ್ಕಳ ತಾಯಿಯನ್ನು ಕರೆಸಿ ಅಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ. "ಜ್ವರ ಗಿರ ಇದೆಯಾ ಅಮ್ಮ?" ಅಂದರು. ಅವಳು ಈ ತಿಂಗಳ ಕೊನೆಗೆ ಬರುತ್ತಾಳೆ. ಆಮೇಲೆ ನಾನು ಎಲ್ಲಿಗೆ ಹೋಗುವುದು ಅಂತ ಇನ್ನೂ ಯೋಚಿಸಿಲ್ಲ. ಪೇಟೆಯಲ್ಲಿ ಒಂದು ಕೋಣೆ ನೋಡಿಕೊಳ್ಳುತ್ತೇನೆ.

ಒಂದು ಮಾತು ಬರೆದೇ ಬಿಡುತ್ತೇನೆ. ಇಷ್ಟು ವರ್ಷದಲ್ಲಿ ನೀನು ಒಂದೇ ಒಂದು ಸಲ "ಇಳಿದು ಬಾ" ಅಂದಿದ್ದರೆ ಆವತ್ತೇ ಇಳಿಯುತ್ತಿದ್ದೆ. ನೀನು ಅನ್ನಲಿಲ್ಲ. ಅನ್ನುವ ಹಾಗೆ ನಾನೂ ಬಿಡಲಿಲ್ಲ ಅನ್ನು. ನಿನ್ನ ಮೇಲೆ ಸ್ವಲ್ಪ ಕೋಪ ಇತ್ತು, ಬರೆದ ಮೇಲೆ ಕಮ್ಮಿಯಾಗಿದೆ.

ಅಕ್ಕ

&nbsp;

ಡಿಸೆಂಬರ್ 12

ಅಕ್ಕ,

ಇಳಿದು ಬಾ.

ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದ್ದೇನೆ. ಕಿಟಕಿಯ ಪಕ್ಕ ಯಾರು ಮಲಗುವುದು ಎಂದು ಇನ್ನೂ ತೀರ್ಮಾನವಾಗಿಲ್ಲ, ನಾನು ಸುಲಭಕ್ಕೆ ಬಿಟ್ಟುಕೊಡುವವನಲ್ಲ.

ಈ ಕಾಗದವನ್ನು ಜೀಪಿನವನ ಕೈಗೆ ಕೊಡುತ್ತಿಲ್ಲ. ಅವನ ಪಕ್ಕದ ಸೀಟಿನಲ್ಲಿ ಕೂತು ನಾನೇ ತರುತ್ತಿದ್ದೇನೆ.

ನಿನ್ನ ತಮ್ಮ